ಕಿವಿ ಸರಿಯಾಗೇ ಇದೆ, ಮಾತು ಮಾತ್ರ ತಿಳಿಯುತ್ತಿಲ್ಲ: ನಾನು ದಾಟಿ ಬಂದ ದಾರಿ

ಕಳೆದ ವಾರ ಅಂಚೆಯಲ್ಲಿ ನನ್ನ ಯುಡಿಐಡಿ ಕಾರ್ಡ್, ಅಂದರೆ ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ, ಬಂತು. ಅದರ ಬೆನ್ನಿಗೇ ಕಚೇರಿಯಿಂದ ಕೆಲಸ ಬದಲಾವಣೆಯ ಆದೇಶವೂ ಕೈಸೇರಿತು. ಹೆಚ್ಚುಕಡಿಮೆ ಒಂದು ವರ್ಷದ ಓಡಾಟ ಒಂದು ಹಂತಕ್ಕೆ ಬಂದು ನಿಂತಿದೆ. ಈ ಅವಧಿಯಲ್ಲಿ ನನಗೆ ಬೇಕಾಗಿದ್ದ ಮಾಹಿತಿ ಕನ್ನಡದಲ್ಲಿ ಒಂದೇ ಕಡೆ ಎಲ್ಲೂ ಸಿಗಲಿಲ್ಲ. ನಿಮ್ಮ ಮನೆಯಲ್ಲಿ ಯಾರಾದರೂ ಇದ್ದಕ್ಕಿದ್ದ ಹಾಗೆ "ಸದ್ದು ಕೇಳಿಸುತ್ತೆ, ಏನು ಹೇಳ್ತಿದ್ದೀರ ಅಂತ ಗೊತ್ತಾಗ್ತಿಲ್ಲ" ಅಂದರೆ, ಈ ಬರಹ ಅವರಿಗೆ ಮತ್ತು ನಿಮಗೆ.

ನನಗೆ ಐವತ್ತು ದಾಟಿದೆ. ಹಾಸನ ಜಿಲ್ಲೆಯ ಒಂದು ಸರ್ಕಾರಿ ಕಚೇರಿಯ ಕೌಂಟರಿನಲ್ಲಿ ಕೆಲಸ. ದಿನವಿಡೀ ಜನರ ಜೊತೆ ಮಾತು. ಅವತ್ತು ಮಧ್ಯಾಹ್ನ ಊಟದ ಡಬ್ಬಿ ತೊಳೆದು ಬಂದು ಕೂತೆ. ಕೌಂಟರಿನ ಆಚೆ ಒಬ್ಬ ಹಿರಿಯರು ಅರ್ಜಿ ಹಿಡಿದು ಏನೋ ಕೇಳಿದರು. ತುಟಿ ಅಲ್ಲಾಡುತ್ತಿತ್ತು, ದನಿ ಬರುತ್ತಿತ್ತು. ಆದರೆ ಒಣಗಿದ ತೆಂಗಿನ ಗರಿ ಗಾಳಿಗೆ ಆಡಿದ ಹಾಗೆ ಬರೀ ಸರಸರ ಅನ್ನುವ ಸದ್ದು. ಇನ್ನೊಮ್ಮೆ ಹೇಳಿ ಅಂದೆ. ಮತ್ತೆ ಅದೇ. ಪಕ್ಕದ ಮೇಜಿನ ಸಹೋದ್ಯೋಗಿ ಎದ್ದು ಬಂದು ಏನೋ ಕೇಳಿದಳು. ಅವಳ ದನಿ ಅಂತ ಗೊತ್ತಾಯಿತು. ಗಾಬರಿಯಿಂದ ಕೇಳುತ್ತಿದ್ದಾಳೆ ಅಂತಲೂ ಗೊತ್ತಾಯಿತು. ಮಾತು ಒಂದೂ ತಿಳಿಯಲಿಲ್ಲ. ಅದೇ ಹೊತ್ತಿಗೆ ಒಳಗಡೆ ಯಾರೋ ಸೀಲು ಕುಟ್ಟುತ್ತಿದ್ದರು, ಹೊರಗೆ ಆಟೋ ಹಾರನ್ ಹೊಡೆಯಿತು, ಫ್ಯಾನು ಕಿರಗುಟ್ಟುತ್ತಿತ್ತು. ಅವೆಲ್ಲ ಎಂದಿನಂತೆಯೇ ಇದ್ದವು.

ಕೈಕಾಲು ಸರಿಯಿತ್ತು. ಬಾಯಿ ಸೊಟ್ಟಗಾಗಿರಲಿಲ್ಲ. ತಲೆನೋವೂ ಇರಲಿಲ್ಲ. ಮೊದಲ ಎರಡು ಮೂರು ದಿನ ನನ್ನ ಮಾತು ಮಾತ್ರ ಸ್ವಲ್ಪ ತಪ್ಪುತ್ತಿತ್ತಂತೆ. ಚಮಚ ಅನ್ನಬೇಕಾದಲ್ಲಿ ಬೇರೇನೋ ಅನ್ನುತ್ತಿದ್ದೆನಂತೆ. ಅದು ನನಗೆ ಆಗ ತಿಳಿಯಲಿಲ್ಲ. ನನ್ನ ದನಿಯೂ ನನಗೆ ಬರೀ ಸದ್ದಾಗಿಯೇ ಕೇಳುತ್ತಿತ್ತಲ್ಲ.

ಆ ಸಂಜೆ ನಮ್ಮೂರಿನ ಒಂದು ಖಾಸಗಿ ಆಸ್ಪತ್ರೆಗೆ ಕರೆದುಕೊಂಡು ಹೋದರು. ಬಿಪಿ, ಶುಗರ್ ನೋಡಿದರು. ತಲೆಯ ಸಿಟಿ ಸ್ಕ್ಯಾನ್ ಮಾಡಿದರು. ಅದರಲ್ಲಿ ಏನೂ ಕಾಣಲಿಲ್ಲ. "ಟೆನ್ಷನ್ನು, ಕೆಲಸದ ಒತ್ತಡ" ಅಂತ ಹೇಳಿ ನಿದ್ದೆ ಮಾತ್ರೆ ಬರೆದುಕೊಟ್ಟರು. ಇಲ್ಲೇ ನಿಂತು ಒಂದು ಮಾತು ಹೇಳಬೇಕು. ಲಕ್ವ (ಡಾಕ್ಟರು ಸ್ಟ್ರೋಕ್ ಅನ್ನುವುದು) ಅಂದರೆ ಕೈಕಾಲು ಬೀಳುವುದು ಅಂತಲೇ ನಾವೆಲ್ಲ ತಿಳಿದಿದ್ದೇವೆ. ಮಿದುಳಿನಲ್ಲಿ ಕಿವಿಯ ಮೇಲ್ಭಾಗಕ್ಕೆ ಬರುವ ಟೆಂಪೊರಲ್ ಲೋಬ್ ಅನ್ನುವ ಜಾಗದ ರಕ್ತನಾಳ ಕಟ್ಟಿಕೊಂಡರೆ ಕೈಕಾಲಿಗೆ ಏನೂ ಆಗದೆಯೂ ಇರಬಹುದು. ಮಾತು ತಿಳಿಯದೆ ಹೋಗುವುದು, ಮಾತು ತಡಬಡಿಸುವುದು, ಇಷ್ಟೇ ಲಕ್ಷಣ. ಮೊದಲ ಕೆಲವು ಗಂಟೆಗಳಲ್ಲಿ ಸಾದಾ ಸಿಟಿಯಲ್ಲಿ ಅದು ಕಾಣದೆಯೂ ಹೋಗಬಹುದು. ರಕ್ತದ ಗಡ್ಡೆ ಕರಗಿಸುವ ಇಂಜೆಕ್ಷನ್ ಕೊಡಲು ಸಾಮಾನ್ಯವಾಗಿ ನಾಲ್ಕೂವರೆ ಗಂಟೆ ಒಳಗೆ ಹೋಗಿರಬೇಕು. ಹಾಗಾಗಿ ಯಾರಿಗಾದರೂ ದಿಢೀರನೆ ಮಾತು ತಿಳಿಯದೆ ಹೋದರೆ "ನಾಳೆ ನೋಡೋಣ" ಅನ್ನಬೇಡಿ. ನರರೋಗ ತಜ್ಞರು ಇರುವ ಆಸ್ಪತ್ರೆಗೆ ನೇರವಾಗಿ ಹೋಗಿ. "ಇದು ಸ್ಟ್ರೋಕ್ ಇರಬಹುದಾ?" ಅಂತ ನೀವೇ ಬಾಯಿಬಿಟ್ಟು ಕೇಳಿ.

ಮರುದಿನ ಮಗಳು ಬೆಂಗಳೂರಿನಿಂದ ಬಂದಳು. ಇಂಜಿನಿಯರಿಂಗ್ ಕೊನೇ ವರ್ಷದವಳು. ಎದುರಿಗೆ ಕೂತು ಏನೇನೋ ಹೇಳಿದಳು, ಅತ್ತಳು. ಆಮೇಲೆ ಮೊಬೈಲಿನಲ್ಲಿ ಟೈಪ್ ಮಾಡಿ ನನ್ನ ಮುಂದೆ ಹಿಡಿದಳು: "ಅಮ್ಮ, ನಾನು ಹೇಳೋದು ಕೇಳಿಸ್ತಿದ್ಯಾ?" ಓದಿದೆ. ಒಂದೊಂದು ಅಕ್ಷರವೂ ಸ್ಪಷ್ಟ. "ಕೇಳಿಸ್ತಿದೆ ಮಗಳೇ, ಏನು ಅಂತ ಗೊತ್ತಾಗ್ತಿಲ್ಲ" ಅಂದೆ. ಅವಳು ನನ್ನನ್ನೇ ನೋಡುತ್ತಾ ಕೂತಳು. ಓದಲು ಬರುತ್ತದೆ, ಬರೆಯಲು ಬರುತ್ತದೆ, ಮಾತಾಡಲೂ ಬರುತ್ತದೆ. ಕೇಳಿ ತಿಳಿಯುವುದು ಒಂದು ಮಾತ್ರ ಇಲ್ಲ. ಅವತ್ತಿನಿಂದ ಮನೆಯಲ್ಲಿ ಒಂದು ನೋಟ್‌ಬುಕ್ಕು, ಪೆನ್ನು ಯಾವಾಗಲೂ ಊಟದ ಮೇಜಿನ ಮೇಲೆ. ಆ ಪುಸ್ತಕಗಳನ್ನೆಲ್ಲ ಇಟ್ಟುಕೊಂಡಿದ್ದೇನೆ. "ಸಾರು ಸಪ್ಪೆ ಆಯ್ತಾ?", "ಗ್ಯಾಸ್ ಬುಕ್ ಮಾಡ್ದೆ", "ಭಯ ಪಡಬೇಡ", ಎಲ್ಲ ಒಂದರ ಕೆಳಗೆ ಒಂದು ಇವೆ.

ಮುಂದೆ ಕಿವಿ ಡಾಕ್ಟರ ಸರದಿ. ಶಬ್ದ ನುಸುಳದ ಕೋಣೆಯಲ್ಲಿ ಕೂರಿಸಿ ಹೆಡ್‌ಫೋನ್ ಹಾಕಿದರು. ಪೀಂ ಪೀಂ ಸದ್ದು ಕೇಳಿದಾಗ ಗುಂಡಿ ಒತ್ತಬೇಕು. ಎಲ್ಲವೂ ಕೇಳಿಸಿತು, ತೀರಾ ಸಣ್ಣವೂ ಕೇಳಿಸಿದವು. ಎರಡೂ ಕಿವಿ ನಾರ್ಮಲ್ ಅಂತ ರಿಪೋರ್ಟ್ ಬಂತು. ನಾರ್ಮಲ್ ಅಂದ ಮೇಲೆ ಮನೆಗೆ ಬಂದ ನೆಂಟರ ಮುಖಗಳೇ ಬದಲಾದವು. ಕೆಲಸಕ್ಕೆ ಹೋಗಲು ಇಷ್ಟವಿಲ್ಲದೆ ಹೀಗೆ ಮಾಡುತ್ತಿದ್ದಾಳೆ ಅಂತ ಒಬ್ಬರು ನಮ್ಮನೆಯವರಿಗೆ ಹೇಳಿದ್ದರಂತೆ. ನಮ್ಮತ್ತೆ ದೃಷ್ಟಿ ತೆಗೆದರು. ಅವರ ಕಾಳಜಿ ಅದು, ನನಗೆ ಬೇಸರವಿಲ್ಲ. ಆದರೆ ಅನುಮಾನದ ನೋಟ ಇದೆಯಲ್ಲ, ಅದು ಕಾಯಿಲೆಗಿಂತ ಜಾಸ್ತಿ ನೋಯಿಸಿತು.

ನಡುವೆ ಶ್ರವಣ ಸಾಧನ ಮಾರುವ ಅಂಗಡಿಗೂ ಹೋಗಿ ಬಂದೆವು. ಕಿವಿಗೆ ಹಾಕಿ ನೋಡಿದರು. ಸರಸರ ಸದ್ದು ಇನ್ನೂ ದೊಡ್ಡದಾಯಿತು, ಅಷ್ಟೇ. 38,000 ರೂಪಾಯಿ ಹೇಳಿದರು. ಮಗಳು ಬೇಡ ಅಂತ ಕೈ ಹಿಡಿದು ಎಳೆದುಕೊಂಡು ಬಂದಳು. ಕಿವಿ ಪರೀಕ್ಷೆ ಸರಿ ಇದ್ದು ಮಾತು ತಿಳಿಯದಿದ್ದರೆ, ಪೂರ್ತಿ ಪರೀಕ್ಷೆ ಮುಗಿಯುವ ತನಕ ಸಾಧನಕ್ಕೆ ದುಡ್ಡು ಹಾಕಬೇಡಿ.

ನನ್ನ ಕಾಯಿಲೆಯನ್ನು ಮೊದಲು ಗುರುತಿಸಿದವರು ಮನೋವೈದ್ಯರು. ಅಲ್ಲಿಗೆ ಹೋಗಲು ನನಗೆ ಮನಸ್ಸಿರಲಿಲ್ಲ, ಹುಚ್ಚು ಅಂತ ತೀರ್ಮಾನ ಮಾಡಿಬಿಟ್ಟರು ಅಂತ ಹೊಟ್ಟೆಯಲ್ಲಿ ಸಂಕಟ. ಅವರು ಬಹಳ ಸಮಾಧಾನದಿಂದ ಒಂದು ಹಾಳೆಯಲ್ಲಿ ಪ್ರಶ್ನೆ ಬರೆದು ಕೊಟ್ಟರು. ಉತ್ತರ ಬರೆದೆ. ಆಮೇಲೆ ನನ್ನ ಬೆನ್ನ ಹಿಂದೆ ನಿಂತು ಬೀಗದ ಕೈ ಗೊಂಚಲು ಅಲ್ಲಾಡಿಸಿದರು, ಕಾಗದ ಹರಿದರು, ಚಪ್ಪಾಳೆ ತಟ್ಟಿದರು. ಎಲ್ಲವನ್ನೂ ಹೇಳಿದೆ. ಆಮೇಲೆ ಏನೋ ಮಾತಾಡಿದರು. ತಿಳಿಯಲಿಲ್ಲ. ಅವರು ಹಾಳೆಯ ಮೇಲೆ ಬರೆದ ಸಾಲು ಇವತ್ತಿಗೂ ಫೈಲಿನಲ್ಲಿದೆ: "ನಿಮಗೆ ಮಾನಸಿಕ ಕಾಯಿಲೆ ಇಲ್ಲ. ಎಂಆರ್‌ಐ ಆಗಬೇಕು." ಆ ಹಾಳೆ ನೋಡಿ ನಮ್ಮನೆಯವರು ಅಲ್ಲೇ ಕಣ್ಣೊರೆಸಿಕೊಂಡರು.

ಎಂಆರ್‌ಐಗೆ 7,000 ರೂಪಾಯಿ ಆಯಿತು. ಎಡಗಡೆ ಟೆಂಪೊರಲ್ ಲೋಬಿನ ಮೇಲ್ಭಾಗದಲ್ಲಿ ಹೊಸ ಗಾಯ. ಬಲಗಡೆ ಅದೇ ಜಾಗದ ಹತ್ತಿರ ಒಂದು ಹಳೆಯ ಸಣ್ಣ ಗಾಯ. ಅದು ಯಾವಾಗ ಆಗಿತ್ತೋ ನನಗೆ ಗೊತ್ತೇ ಆಗಿಲ್ಲ. ಕಾರಣ ಹುಡುಕಲು ಇಸಿಜಿ, ಎಕೋ ಮಾಡಿದರು. ಎದೆಬಡಿತದ ತಾಳ ಆಗಾಗ ತಪ್ಪುತ್ತದೆ, ಅದರಿಂದ ಹೃದಯದಲ್ಲಿ ರಕ್ತ ಹೆಪ್ಪುಗಟ್ಟಿ ಚೂರು ಮಿದುಳಿಗೆ ಹೋಗಿದೆ ಅಂದರು. ಈಗ ರಕ್ತ ತೆಳುವಾಗಿಸುವ ಮಾತ್ರೆ ನಡೆಯುತ್ತಿದೆ, ಐಎನ್‌ಆರ್ ಅನ್ನುವ ರಕ್ತಪರೀಕ್ಷೆ ತಪ್ಪದೆ ಮಾಡಿಸಬೇಕು. ಇದು ಮಾತಿನ ಚಿಕಿತ್ಸೆಗಿಂತ ಮುಖ್ಯ. ಇನ್ನೊಂದು ಗಡ್ಡೆ ಹೋದರೆ ಇರುವುದೂ ಕೈತಪ್ಪುತ್ತದೆ.

ನರರೋಗ ತಜ್ಞರು ಚೀಟಿಯ ಮೇಲೆ ಬರೆದದ್ದು ವರ್ಡ್ ಡೆಫ್‌ನೆಸ್ ಅಂತ, ಅಂದರೆ ಸದ್ದು ಕೇಳಿಸಿದರೂ ಮಾತು ತಿಳಿಯದಿರುವುದು. ಈ ಹೆಸರು ಕೊಟ್ಟವರು ಕುಸ್‌ಮೌಲ್ ಅನ್ನುವ ಜರ್ಮನ್ ವೈದ್ಯರು, 1877ರಲ್ಲಿ. ಅದಕ್ಕೆ ಮೂರು ವರ್ಷ ಮೊದಲು, 1874ರಲ್ಲಿ, ವರ್ನಿಕೆ ಎಂಬ ಯುವ ವೈದ್ಯರು ಎಡಗಡೆ ಟೆಂಪೊರಲ್ ಲೋಬಿಗೆ ಪೆಟ್ಟಾದವರಿಗೆ ಮಾತು ತಿಳಿಯುವುದು ತಪ್ಪುತ್ತದೆ ಅಂತ ಬರೆದಿದ್ದರು. ಇದನ್ನೆಲ್ಲ ಓದಿದಾಗ ನನಗೆ ಎಷ್ಟೋ ಸಮಾಧಾನವಾಯಿತು. ನೂರೈವತ್ತು ವರ್ಷದಿಂದ ವೈದ್ಯರಿಗೆ ಗೊತ್ತಿರುವ ಸ್ಥಿತಿ. ನಾನು ನಾಟಕ ಮಾಡುತ್ತಿಲ್ಲ ಅನ್ನುವುದಕ್ಕೆ ನನಗೇ ಒಂದು ಆಧಾರ ಸಿಕ್ಕಿತು.

ಅಲ್ಲಿಂದ ಮೈಸೂರು. ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಎಲ್ಲರ ಬಾಯಲ್ಲಿ ಆಯಿಷ್. 1965ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಸಂಸ್ಥೆ. ನಮ್ಮ ರಾಜ್ಯದಲ್ಲಿ ಇಂಥದ್ದೊಂದು ಇರುವುದು ನಮ್ಮ ಪುಣ್ಯ. ಹಾಸನದಿಂದ ಬೆಳಗಿನ ರೈಲು ಹಿಡಿದು ಹೋಗುತ್ತಿದ್ದೆವು. ಹೋಗುವವರು ಬೇಗ ಹೋಗಿ, ಊಟ ಕಟ್ಟಿಕೊಂಡು ಹೋಗಿ, ಇಡೀ ದಿನ ಇಟ್ಟುಕೊಂಡು ಹೋಗಿ. ಎಂಆರ್‌ಐ ಸಿಡಿ, ಎಲ್ಲ ರಿಪೋರ್ಟಿನ ನಕಲು, ಆಧಾರ್ ಒಂದೇ ಫೈಲಿನಲ್ಲಿರಲಿ. ಜೊತೆಗೆ ಒಬ್ಬರು ಇರಲೇಬೇಕು, ಹೆಸರು ಕೂಗಿದಾಗ ನಮಗೆ ತಿಳಿಯುವುದಿಲ್ಲವಲ್ಲ. ಖಾಸಗಿಯಲ್ಲಿ ಸ್ಪೀಚ್ ಥೆರಪಿಗೆ ಒಂದು ಸಲಕ್ಕೆ ನಮಗೆ 600 ರೂಪಾಯಿ ಹೇಳಿದ್ದರು. ಇಲ್ಲಿ ಅದಕ್ಕೆ ಹೋಲಿಸಿದರೆ ಬಹಳ ಕಡಿಮೆ. ಹೋಗಿ ಬರುವ ಖರ್ಚು, ಊಟ, ನಮ್ಮನೆಯವರ ಅಂಗಡಿ ಮುಚ್ಚಿದ ನಷ್ಟವೇ ಜಾಸ್ತಿ ಆದದ್ದು.

ಅಲ್ಲಿ ಮತ್ತೆ ಕಿವಿ ಪರೀಕ್ಷೆ. ಈ ಸಲ ಪೀಂ ಪೀಂ ಮುಗಿದ ಮೇಲೆ ಮಾತಿನ ಪರೀಕ್ಷೆಯನ್ನೂ ಮಾಡಿದರು. ಕನ್ನಡದ ಪದಗಳನ್ನು ಒಂದೊಂದಾಗಿ ಕೇಳಿಸಿ, ನಾನು ತಿರುಗಿ ಹೇಳಬೇಕು. ಇದಕ್ಕೆಂದೇ ಕನ್ನಡದಲ್ಲಿ ಪದಪಟ್ಟಿಗಳಿವೆ. ನನ್ನ ಅಂಕ ಸೊನ್ನೆಯ ಹತ್ತಿರ. ಪೀಂ ಸದ್ದಿಗೆ ನೂರಕ್ಕೆ ನೂರು, ಪದಕ್ಕೆ ಸೊನ್ನೆ. ಎರಡೂ ಒಂದೇ ಹಾಳೆಯ ಮೇಲೆ ಅಕ್ಕಪಕ್ಕ. ನಮ್ಮೂರಿನಲ್ಲೇ ಈ ಎರಡನೇ ಪರೀಕ್ಷೆ ಮಾಡಿದ್ದರೆ ಎಷ್ಟು ಅಲೆದಾಟ ತಪ್ಪುತ್ತಿತ್ತು! ದಯವಿಟ್ಟು ಇದನ್ನು ಬರೆದಿಟ್ಟುಕೊಳ್ಳಿ: ಮಾತು ತಿಳಿಯುತ್ತಿಲ್ಲ ಅನ್ನುವವರಿಗೆ ಬರೀ ಶಬ್ದದ ಪರೀಕ್ಷೆ ಸಾಲದು, "ಸ್ಪೀಚ್ ಟೆಸ್ಟ್ ಕನ್ನಡದಲ್ಲಿ ಮಾಡಿ" ಅಂತ ಕೇಳಿ. ಕಿವಿಯಿಂದ ಮಿದುಳಿನ ಬುಡದ ತನಕ ನರ ಸರಿಯಿದೆಯಾ ಅಂತ ನೋಡುವ ಬೇರಾ ಪರೀಕ್ಷೆಯನ್ನೂ ಮಾಡಿದರು. ಅದೂ ಸರಿಯಿತ್ತು. ತೊಂದರೆ ಇದ್ದದ್ದು ಅದರಿಂದ ಮೇಲಕ್ಕೆ.

ನನಗೆ ಥೆರಪಿ ಮಾಡಿದ ಹುಡುಗಿ ಮಗಳ ವಯಸ್ಸಿನವಳು. ಎಲ್ಲವನ್ನೂ ಬರೆದು, ಚಿತ್ರ ಬಿಡಿಸಿ ವಿವರಿಸಿದಳು. ಕುಕ್ಕರ್ ಸೀಟಿ, ನಾಯಿ ಬೊಗಳುವುದು, ಬಾಗಿಲು ಬಡಿಯುವುದು ಇವನ್ನೆಲ್ಲ ಗುರುತಿಸಲು ಮಿದುಳಿಗೆ ಅಷ್ಟು ಚುರುಕು ಬೇಡವಂತೆ. ಸದ್ದು ಸ್ವಲ್ಪ ಹೊತ್ತು ಇರುತ್ತದೆ, ಒಟ್ಟಾರೆ ಹೇಗಿದೆ ಅಂತ ಸಿಕ್ಕರೆ ಸಾಕು. ಮಾತು ಹಾಗಲ್ಲ. ಸಾಮಾನ್ಯವಾಗಿ ಮಾತಾಡುವಾಗಲೇ ಸೆಕೆಂಡಿಗೆ ನಾಲ್ಕೈದು ಅಕ್ಷರ ಬರುತ್ತವೆ. ಪ, ತ, ಕ ಒಂದಕ್ಕಿಂತ ಒಂದು ಬೇರೆ ಅಂತ ತಿಳಿಯುವ ಗುರುತು ಇರುವುದು ಅಕ್ಷರದ ಶುರುವಿನ ಹತ್ತಾರು ಮಿಲಿಸೆಕೆಂಡಿನೊಳಗೆ. ಅದನ್ನು ಹಿಡಿಯುವ ಕೆಲಸ ಎರಡೂ ಕಡೆಯ ಟೆಂಪೊರಲ್ ಲೋಬಿನದು. ಅಲ್ಲಿಂದ ಎಡಗಡೆಯ ಭಾಷೆಯ ಜಾಗಕ್ಕೆ ಸುದ್ದಿ ಹೋಗಬೇಕು. ನನಗೆ ಎರಡೂ ಕಡೆ ಗಾಯ. ಪದಗಳು, ಅರ್ಥ, ವ್ಯಾಕರಣ ಎಲ್ಲ ಒಳಗೆ ಭದ್ರವಾಗಿವೆ. ಕಣ್ಣಿನ ಕಡೆಯಿಂದ ಬರುವ ದಾರಿ ತೆರೆದಿದೆ, ಅದಕ್ಕೇ ಓದುತ್ತೇನೆ. ಕಿವಿಯ ಕಡೆಯ ದಾರಿ ಮುಚ್ಚಿದೆ.

ದನಿ ಯಾರದು ಅಂತ ಹೇಗೆ ಗೊತ್ತಾಗುತ್ತದೆ ಅಂತ ಕೇಳಿದೆ. ಅದು ಇನ್ನೊಂದು ಕೆಲಸ ಅಂದಳು. 2000ನೇ ಇಸವಿಯಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಪಾಸ್ಕಲ್ ಬೆಲಿನ್ ಮತ್ತು ಅವರ ತಂಡ, ಮಿದುಳಿನ ಕೆಲವು ಜಾಗಗಳು ಬೇರೆ ಸದ್ದುಗಳಿಗಿಂತ ಮನುಷ್ಯರ ದನಿಗೇ ಜಾಸ್ತಿ ಸ್ಪಂದಿಸುತ್ತವೆ ಅಂತ ತೋರಿಸಿದ್ದರು. ಹಾಡಿನ ವಿಷಯವೂ ಹೀಗೆಯೇ. ಎದುರು ಮನೆಯ ರೇಡಿಯೋದಲ್ಲಿ ಬೆಳಗ್ಗೆ ದೇವರನಾಮ ಬಂದರೆ ರಾಗ ಥಟ್ಟನೆ ಗುರುತು ಸಿಗುತ್ತಿತ್ತು. ಮೊದಲೇ ಬಾಯಿಪಾಠ ಇದ್ದದ್ದಾದರೆ ಸಾಹಿತ್ಯ ಮನಸ್ಸಿನಲ್ಲಿ ತಾನಾಗಿ ಓಡುತ್ತಿತ್ತು. ಹೊಸ ಹಾಡಾದರೆ ರಾಗ ಮಾತ್ರ. 2015ರಲ್ಲಿ ಅಮೆರಿಕದ ಎಂಐಟಿಯ ಸಂಶೋಧಕರು ಮಾತಿಗೆ ಒಂದು, ಸಂಗೀತಕ್ಕೆ ಒಂದು ಅಂತ ಬೇರೆ ಬೇರೆಯಾಗಿ ಸ್ಪಂದಿಸುವ ನರಕೋಶಗಳ ಗುಂಪುಗಳನ್ನು ಗುರುತಿಸಿದ್ದಾರೆ. ನಾನು ಓದುತ್ತಾ ಹೋದ ಹಾಗೆ ನನ್ನ ಅಡುಗೆಮನೆಯಲ್ಲಿ ದಿನಾ ಆಗುತ್ತಿದ್ದದ್ದೇ ಆ ಪ್ರಯೋಗಗಳಲ್ಲಿಯೂ ಇತ್ತು.

ಥೆರಪಿ ಸ್ವರಗಳಿಂದ ಶುರು. ಆ, ಈ, ಊ ಎಳೆದು ಹೇಳುತ್ತಿದ್ದಳು. ಸ್ವರ ಉದ್ದ ಇರುತ್ತದೆ, ಬೇಗ ಸಿಕ್ಕಿತು. ವ್ಯಂಜನದ ಹತ್ತಿರ ಬಂದಾಗ ಕಷ್ಟ. ಎರಡು ಚಿತ್ರ ಎದುರಿಗೆ: ಒಂದು ಕತ್ತೆ, ಒಂದು ಅರಳಿಕಟ್ಟೆ. "ಕತ್ತೆ", "ಕಟ್ಟೆ" ಅಂತ ಯಾವುದೋ ಒಂದು ಹೇಳುತ್ತಾಳೆ, ನಾನು ತೋರಿಸಬೇಕು. ಆಮೇಲೆ ಹಾಲು, ಹಾಳು. ಮನೆ, ಮಣೆ. ಹುಲಿ, ಹುಳಿ. ಹುಟ್ಟಿದಾಗಿನಿಂದ ಆಡಿದ ಭಾಷೆ, ಎರಡಕ್ಕೂ ವ್ಯತ್ಯಾಸವೇ ಕೇಳಿಸದೆ ಕೂತಾಗ ಕಣ್ಣಲ್ಲಿ ನೀರು ಬರುತ್ತಿತ್ತು. ಅವಳು ಸಮಾಧಾನಕ್ಕೆ ಒಂದು ಸಂಗತಿ ಹೇಳಿದಳು. ತ ಮತ್ತು ಟ ನಡುವಿನ ಭೇದ ಇಂಗ್ಲಿಷ್ ಮಾತಾಡುವ ದೊಡ್ಡವರಿಗೆ ಹಿಡಿಯುವುದು ಬಹಳ ಕಷ್ಟ. ಆದರೆ ಅವರದೇ ಆರೆಂಟು ತಿಂಗಳ ಕೂಸುಗಳು ಅದನ್ನು ಗುರುತಿಸುತ್ತವೆ. ವರ್ಷ ತುಂಬುವ ಹೊತ್ತಿಗೆ, ಸುತ್ತಲಿನ ಭಾಷೆಯಲ್ಲಿ ಅದು ಇಲ್ಲದ್ದರಿಂದ, ಆ ಶಕ್ತಿ ಕುಗ್ಗುತ್ತದೆ. 1984ರಲ್ಲಿ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ ಹಿಂದಿಯ ಇದೇ ಎರಡು ಧ್ವನಿ ಬಳಸಿ ತೋರಿಸಿದ್ದು ಇದನ್ನೇ. "ನಿಮ್ಮ ಮಿದುಳು ಕೂಸಿದ್ದಾಗ ಒಮ್ಮೆ ಕಲಿತಿದೆ ಆಂಟಿ, ಇನ್ನೊಂದು ಸಲ ಕಲಿಸೋಣ" ಅಂತ ನೋಟ್‌ಬುಕ್ಕಿನಲ್ಲಿ ಬರೆದಳು.

ತುಟಿ ನೋಡುವುದು ತುಂಬಾ ಸಹಾಯ ಮಾಡುತ್ತದೆ. ಆದರೆ ಅದಕ್ಕೂ ಮಿತಿ ಇದೆ. ಕನ್ನಡಿ ಮುಂದೆ ನಿಂತು ಪಾವು, ಬಾವು, ಮಾವು ಅಂತ ಹೇಳಿ ನೋಡಿ. ಮೂರಕ್ಕೂ ತುಟಿ ಒಂದೇ ಥರ ಕೂಡುತ್ತದೆ. ಕತ್ತೆ, ಕಟ್ಟೆಯಲ್ಲಿ ನಾಲಿಗೆ ಒಳಗಿರುತ್ತದೆ, ಹೊರಗಿನಿಂದ ಏನೂ ಕಾಣುವುದಿಲ್ಲ. ಹಾಗಿದ್ದರೂ ತುಟಿ ಕಂಡರೆ ಅರ್ಧ ಕೆಲಸ ಆದ ಹಾಗೆ. ಇದು ನಮ್ಮಂಥವರಿಗೆ ಮಾತ್ರ ಅಲ್ಲ. 1976ರಲ್ಲಿ ಮ್ಯಾಕ್‌ಗರ್ಕ್ ಮತ್ತು ಮ್ಯಾಕ್‌ಡೊನಾಲ್ಡ್ ಒಂದು ಪ್ರಯೋಗ ಮಾಡಿದರು. ಕಿವಿಗೆ "ಬ" ಅನ್ನುವ ದನಿ, ಕಣ್ಣಿಗೆ "ಗ" ಅನ್ನುವ ಬಾಯಿ. ನೋಡಿದ ಬಹಳ ಜನಕ್ಕೆ ಕೇಳಿಸಿದ್ದು "ದ". ಎಲ್ಲರ ಮಿದುಳೂ ಮಾತಿಗೆ ಕಣ್ಣನ್ನೂ ಸೇರಿಸಿಕೊಳ್ಳುತ್ತದೆ. ಆಸ್ಪತ್ರೆಗಳಲ್ಲಿ ಮಾಸ್ಕ್ ಹಾಕಿಕೊಂಡು ಮಾತಾಡುವವರ ಮುಂದೆ ನಾನು ಈಗಲೂ ಸಂಕೋಚವಿಲ್ಲದೆ ನೋಟ್‌ಬುಕ್ ಮುಂದಿಡುತ್ತೇನೆ.

ಮನೆಯವರಿಗೆ ನನ್ನ ಸ್ಥಿತಿ ಅರ್ಥ ಮಾಡಿಸಿದ್ದು ಮಗಳು. ಅವಳು ಪ್ರಾಟ್ ಅನ್ನುವ ಉಚಿತ ಸಾಫ್ಟ್‌ವೇರ್ ಇಳಿಸಿಕೊಂಡಳು. ಆಮ್‌ಸ್ಟರ್‌ಡ್ಯಾಮ್ ವಿಶ್ವವಿದ್ಯಾಲಯದ ಇಬ್ಬರು ಮಾಡಿರುವುದು, ಮಾತಿನ ಸದ್ದನ್ನು ಅಳೆಯಲು ಪ್ರಪಂಚವೆಲ್ಲ ಬಳಸುತ್ತಾರೆ. ಅದರಲ್ಲಿ ಅವರಪ್ಪನ ಒಂದು ವಾಕ್ಯ ರೆಕಾರ್ಡ್ ಮಾಡಿ, ಮಾತಿನ ಮುಖ್ಯ ಕಂಪನಗಳನ್ನಷ್ಟೇ ಉಳಿಸಿ ಮೂರು ಸೀಟಿ ಸದ್ದುಗಳಾಗಿ ಮಾಡಿದಳು. 1981ರಲ್ಲಿ ರಾಬರ್ಟ್ ರೆಮೆಜ್ ಮತ್ತು ಜೊತೆಗಾರರು ಮಾಡಿದ ಪ್ರಯೋಗವೇ ಇದು. ಹಬ್ಬಕ್ಕೆ ಎಲ್ಲರೂ ಸೇರಿದ್ದಾಗ ಕೇಳಿಸಿದಳು. ಅತ್ತೆ "ಹಕ್ಕಿ ಕೂಗೋ ಥರ ಇದೆಯಲ್ಲೇ" ಅಂದರಂತೆ. ಭಾವನವರಿಗೂ ಸೀಟಿ ಮಾತ್ರ. ಆಗ ಮಗಳು ವಾಕ್ಯ ಏನೆಂದು ಹೇಳಿದಳು: "ಬಾಗಿಲು ಹಾಕ್ಕೊಂಡು ಬಾ." ಮತ್ತೆ ಅದೇ ಸೀಟಿ ಕೇಳಿಸಿದಳು. ಈ ಸಲ ಎಲ್ಲರಿಗೂ ಮಾತು ಕೇಳಿಸಿತು! ಸದ್ದು ಅದೇ, ಮಿದುಳು ಅದನ್ನು ಮಾತು ಅಂತ ತೆಗೆದುಕೊಂಡ ಕೂಡಲೇ ಬೇರೆಯಾಯಿತು. "ಅಮ್ಮಂಗೆ ನಾವೆಲ್ಲ ಮಾತಾಡೋದು ಮೊದಲನೇ ಸಲ ಕೇಳಿಸಿದ ಹಾಗೆ ಕೇಳುತ್ತೆ" ಅಂದಳು. ಅತ್ತೆ ಎದ್ದು ಬಂದು ನನ್ನ ತಲೆ ಸವರಿದರು. ಅವತ್ತಿನಿಂದ ಮನೆಯಲ್ಲಿ ಯಾರೂ ಅನುಮಾನದ ಮಾತಾಡಿಲ್ಲ. ನಿಮ್ಮ ಮನೆಯಲ್ಲಿ ನಂಬದವರಿದ್ದರೆ ಇದನ್ನು ಮಾಡಿ ತೋರಿಸಿ, ನೂರು ರಿಪೋರ್ಟಿಗಿಂತ ಮೇಲು.

ಆ ಪ್ರಯೋಗದಿಂದ ನಮಗೆ ಒಂದು ದಾರಿಯೂ ಸಿಕ್ಕಿತು. ಮಾತು ಯಾವುದರ ಬಗ್ಗೆ ಅಂತ ಮೊದಲೇ ಗೊತ್ತಿದ್ದರೆ ನನಗೂ ಜಾಸ್ತಿ ಸಿಗುತ್ತದೆ. ಹಾಗಾಗಿ ನಮ್ಮನೆಯವರು ಮೊದಲು ವಿಷಯ ತೋರಿಸುತ್ತಾರೆ. ತರಕಾರಿ ಚೀಲ ಎತ್ತಿ ಹಿಡಿದು ಆಮೇಲೆ ಮಾತು. ನಿಧಾನವಾಗಿ, ಪದ ಪದದ ನಡುವೆ ಸಣ್ಣ ಬಿಡುವು. ಜೋರಾಗಿ ಕೂಗಿದರೆ ಏನೂ ಉಪಯೋಗವಿಲ್ಲ, ಕೂಗಿದಾಗ ಅಕ್ಷರಗಳು ಇನ್ನೂ ಕಲಸಿಹೋಗುತ್ತವೆ. ಟಿವಿ ಆರಿಸಿ ಮಾತಾಡುವುದು, ಒಬ್ಬರಾದ ಮೇಲೆ ಒಬ್ಬರು ಮಾತಾಡುವುದು, ಇಷ್ಟು ಮಾಡಿದರೆ ಈಗ ಮನೆಮಾತು ಸುಮಾರಾಗಿ ನಡೆಯುತ್ತದೆ.

ಇನ್ನು ಕಾಗದ ಪತ್ರದ ವಿಷಯ. ಇಲ್ಲಿ ನಾವು ಪಟ್ಟ ಪಾಡು ಬೇರೆಯವರಿಗೆ ಬೇಡ. ರಜೆಗೆ ಮೊದಲು ಗಳಿಕೆ ರಜೆ, ಆಮೇಲೆ ವೈದ್ಯಕೀಯ ಪ್ರಮಾಣಪತ್ರದ ಮೇಲೆ ಪರಿವರ್ತಿತ ರಜೆ, ಕೊನೆಗೆ ಅರ್ಧ ವೇತನ ರಜೆ ಹಾಕಿದೆ. ಅಂಗವೈಕಲ್ಯ ಪ್ರಮಾಣಪತ್ರವನ್ನು ಲಕ್ವ ಹೊಡೆದ ಕೂಡಲೇ ಕೊಡುವುದಿಲ್ಲ. ಸ್ಥಿತಿ ಒಂದು ಹಂತಕ್ಕೆ ನಿಂತ ಮೇಲೆಯೇ ನೋಡುತ್ತಾರೆ. ಆ ಕಾಯುವ ತಿಂಗಳುಗಳಲ್ಲಿ ಅರ್ಧ ಸಂಬಳದಲ್ಲಿ ಮನೆ ನಡೆಸಬೇಕು. ಇದನ್ನು ಮೊದಲೇ ಲೆಕ್ಕ ಹಾಕಿಕೊಳ್ಳಿ.

ಈ ಪ್ರಮಾಣಪತ್ರ, ಕಾರ್ಡು ಎರಡಕ್ಕೂ ಸರ್ಕಾರದ ಸ್ವಾವಲಂಬನ್ ಪೋರ್ಟಲ್‌ನಲ್ಲಿ ಆನ್‌ಲೈನ್ ಅರ್ಜಿ ಹಾಕಿದೆವು. ಫೋಟೋ, ಸಹಿ, ಆಧಾರ್, ವೈದ್ಯಕೀಯ ದಾಖಲೆ ಅಪ್‌ಲೋಡ್ ಮಾಡಬೇಕು. ಅಂಗವೈಕಲ್ಯದ ವಿಧ ಅನ್ನುವ ಕಡೆ ಸೈಬರ್ ಸೆಂಟರಿನ ಹುಡುಗ ಶ್ರವಣ ದೋಷ ಅಂತ ಒತ್ತಿದ. ತಪಾಸಣೆಯ ದಿನ ಹೋದರೆ ಅಲ್ಲಿದ್ದವರು ಆಡಿಯೋಗ್ರಾಮ್ (ಪೀಂ ಪೀಂ ಪರೀಕ್ಷೆಯ ವರದಿ) ನೋಡಿ "ಕಿವಿ ಚೆನ್ನಾಗಿದೆ, ಇದು ಬರಲ್ಲ" ಅಂತ ವಾಪಸ್ ಕಳಿಸಿದರು. ಕಾನೂನಿನ ಲೆಕ್ಕದಲ್ಲಿ ಅವರು ಹೇಳಿದ್ದು ಸರಿ. ಶ್ರವಣ ದೋಷ ಅಂದರೆ ಎರಡೂ ಕಿವಿಯಲ್ಲಿ ಕನಿಷ್ಠ 60 ಡೆಸಿಬಲ್ ಕೊರತೆ ಇರಬೇಕು. ಆದರೆ ಬೇರೆ ವಿಧದಲ್ಲಿ ಹಾಕಬಹುದು ಅಂತ ಅಲ್ಲಿ ಯಾರೂ ಹೇಳಲಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯಲ್ಲಿ 21 ವಿಧಗಳಿವೆ. ಅದರಲ್ಲಿ ವಾಕ್ ಮತ್ತು ಭಾಷಾ ದೋಷ ಅನ್ನುವುದು ಪ್ರತ್ಯೇಕವಾಗಿದೆ. ನರಸಂಬಂಧಿ ಕಾರಣದಿಂದ ಬರುವ ಅಫೇಸಿಯಾ, ಅಂದರೆ ಭಾಷೆಯ ಶಕ್ತಿ ಕುಂದುವುದು, ಅದರ ವ್ಯಾಖ್ಯೆಯಲ್ಲೇ ಇದೆ. ಮೈಸೂರಿನಲ್ಲಿ ನನಗೆ ವೆಸ್ಟರ್ನ್ ಅಫೇಸಿಯಾ ಬ್ಯಾಟರಿ ಅನ್ನುವ ಪರೀಕ್ಷೆಯನ್ನು ಕನ್ನಡದಲ್ಲೇ ಮಾಡಿದ್ದರು. ಕೇಳಿ ತಿಳಿಯುವುದು, ಕೇಳಿದ್ದನ್ನು ತಿರುಗಿ ಹೇಳುವುದು, ಹೆಸರಿಸುವುದು, ತಾನಾಗಿ ಮಾತಾಡುವುದು ಎಲ್ಲಕ್ಕೂ ಅದರಲ್ಲಿ ಅಂಕ ಇದೆ. ಆ ವರದಿ, ಎಂಆರ್‌ಐ, ನರರೋಗ ತಜ್ಞರ ಪತ್ರ ಸೇರಿಸಿ ಮತ್ತೆ ಅರ್ಜಿ ಹಾಕಿದೆವು. ಈ ಸಲ ಕುಳಿತು ಓದಿದರು. 40ಕ್ಕಿಂತ ಹೆಚ್ಚು ಪರ್ಸೆಂಟ್ ಕೊಟ್ಟರು. ಕನಿಷ್ಠ 40 ಇದ್ದರೆ ಮಾತ್ರ ಬಹಳಷ್ಟು ಸೌಲಭ್ಯ ಅನ್ವಯ ಆಗುವುದರಿಂದ ಆ ಅಂಕಿ ಮುಖ್ಯ.

ಕಚೇರಿಯಲ್ಲಿ ಸ್ವಯಂ ನಿವೃತ್ತಿ ತೆಗೆದುಕೊಳ್ಳಿ ಅಂತ ಹಿತೈಷಿಗಳೇ ಹೇಳಿದರು. ಮೇಲಿನವರೊಬ್ಬರು ಬಾಯಿಮಾತಿನಲ್ಲೇ ಹೇಳಿಯೂ ಬಿಟ್ಟರು. ಮಗಳು ಕಾಯಿದೆಯ 20ನೇ ಕಲಂನ 4ನೇ ಉಪಕಲಂ ಪ್ರಿಂಟ್ ತೆಗೆದುಕೊಟ್ಟಳು. ಸೇವೆಯಲ್ಲಿರುವಾಗ ಅಂಗವೈಕಲ್ಯ ಬಂದರೆ ಸರ್ಕಾರಿ ನೌಕರರನ್ನು ಕೆಲಸದಿಂದ ತೆಗೆಯುವಂತಿಲ್ಲ, ದರ್ಜೆ ಇಳಿಸುವಂತಿಲ್ಲ. ಈಗಿನ ಹುದ್ದೆಗೆ ಆಗದಿದ್ದರೆ ಅದೇ ಸಂಬಳ, ಸವಲತ್ತಿನ ಮೇಲೆ ಬೇರೆ ಹುದ್ದೆ ಕೊಡಬೇಕು ಅಂತ ಅದರಲ್ಲಿ ಸ್ಪಷ್ಟವಾಗಿದೆ. ಅದನ್ನು ಉಲ್ಲೇಖಿಸಿ ಅರ್ಜಿ ಬರೆದು, ಸ್ವೀಕೃತಿ ಸೀಲು ಹಾಕಿಸಿಕೊಂಡೆ. ಬಾಯಿಮಾತಿಗೆ ಬಾಯಿಮಾತಿನ ಉತ್ತರ ಬೇಡ, ಏನಿದ್ದರೂ ಬರವಣಿಗೆಯಲ್ಲೇ ಇರಲಿ. ತಡವಾಯಿತು, ಆದರೆ ಬಂತು. ಈಗ ನನಗೆ ದಾಖಲೆ ವಿಭಾಗದಲ್ಲಿ ಕಂಪ್ಯೂಟರ್ ಕೆಲಸ.

ಫೋನ್ ಮಾತ್ರ ಇನ್ನೂ ಆಗುವುದಿಲ್ಲ. ತುಟಿ ಕಾಣುವುದಿಲ್ಲ, ದನಿಯೂ ಅರ್ಧಂಬರ್ಧ. ಬ್ಯಾಂಕು, ಗ್ಯಾಸು, ಕೊರಿಯರ್ ಎಲ್ಲ ಕಡೆಯೂ ಮಗಳ ನಂಬರ್ ಕೊಟ್ಟಿದ್ದೇವೆ. ಓಟಿಪಿ ಎಸ್‌ಎಂಎಸ್‌ನಲ್ಲಿ ಬರುವ ಹಾಗೆ ನೋಡಿಕೊಳ್ಳಿ, ಕರೆ ಮಾಡಿ ಹೇಳುವುದು ನಮಗೆ ಉಪಯೋಗವಿಲ್ಲ. ಎದುರಿಗಿದ್ದವರ ಮಾತನ್ನು ಅಕ್ಷರವಾಗಿ ತೋರಿಸುವ ಗೂಗಲ್‌ನ ಲೈವ್ ಟ್ರಾನ್ಸ್‌ಕ್ರೈಬ್ ಆ್ಯಪ್ ಕನ್ನಡದಲ್ಲೂ ಕೆಲಸ ಮಾಡುತ್ತದೆ. ನಮ್ಮ ಕಡೆಯ ಆಡುಮಾತು ಅದಕ್ಕೆ ಪೂರ್ತಿ ಸಿಗುವುದಿಲ್ಲ. ಹಾಗಿದ್ದರೂ ಮಾರ್ಕೆಟ್ಟಿಗೆ, ಮೆಡಿಕಲ್ ಶಾಪಿಗೆ ಒಬ್ಬಳೇ ಹೋಗುವ ಧೈರ್ಯ ಬಂದಿದೆ.

ಕಚೇರಿಯ ಮೇಜಿನ ಮೇಲೆ ಒಂದು ಹಾಳೆ ಅಂಟಿಸಿದ್ದೇನೆ. ಬೇಕಾದವರು ಹಾಗೆಯೇ ನಕಲು ಮಾಡಿಕೊಳ್ಳಿ: "ನನಗೆ ಸದ್ದು ಕೇಳಿಸುತ್ತದೆ, ಮಾತು ಬೇಗ ತಿಳಿಯುವುದಿಲ್ಲ. ದಯವಿಟ್ಟು ಎದುರಿಗೆ ನಿಂತು, ಯಾವ ವಿಷಯ ಅಂತ ಮೊದಲು ತಿಳಿಸಿ, ನಿಧಾನವಾಗಿ ಹೇಳಿ. ಜೋರಾಗಿ ಬೇಡ. ತಿಳಿಯದಿದ್ದರೆ ಇಲ್ಲಿ ಬರೆಯಿರಿ." ಕೆಳಗೆ ಒಂದು ಪ್ಯಾಡು, ದಾರ ಕಟ್ಟಿದ ಪೆನ್ನು ಇಟ್ಟಿದ್ದೇನೆ.